ಬಿಸಿಲುನಾಡಿನ ಸೋಲಾರ್ ಡಬ್ಬಿ

ರಾಯಚೂರಿನ ಹಳೇ ಪೇಟೆಯ ಓಣಿಯಲ್ಲಿ ಒಂದೇ ಷಟರಿನ ರಿಪೇರಿ ಅಂಗಡಿ. ಗೋಡೆಯಲ್ಲಿ ಬಿಚ್ಚಿಟ್ಟ ಟೇಬಲ್ ಫ್ಯಾನುಗಳು, ಮೇಜಿನ ಮೇಲೆ ಸೋಲ್ಡರಿಂಗ್ ಐರನ್, ಮೀಟರು, ಸೀಸದ ಸುರುಳಿ. ಮೇಜಿನ ಅಡಿಯ ಗೋಣಿಚೀಲದ ತುಂಬ ಕೆಟ್ಟುಹೋದ ಸೋಲಾರ್ ಚಾರ್ಜ್ ಕಂಟ್ರೋಲರ್‌ಗಳು. ನೀಲಿ, ಕಪ್ಪು, ಬೂದು ಬಣ್ಣದ ಅಂಗೈಯಗಲದ ಡಬ್ಬಿಗಳು. ಓಣಿಯವರೆಲ್ಲ ‘ಉಸ್ತಾದ್’ ಎಂದು ಕರೆಯುವ ಅಂಗಡಿಯ ಯಜಮಾನರು ಚೀಲವನ್ನು ಕಾಲಿನಿಂದ ಮುಂದೆ ಸರಿಸಿದರು.

“ಬರ್ರಿ ಸರ, ಕುಂದರ್ರಿ. ಇದರಾಗ ಹಳೇದಾಗಿ ಸತ್ತದ್ದು ಒಂದೂ ಇಲ್ಲ. ಎಲ್ಲಾ ಸುಟ್ಟು ಸತ್ತಾವ. ಯುಗಾದಿ ಆದಮ್ಯಾಲ ಬರೋದು ಸುರು ಆಗ್ತಾವ, ಮಳಿ ಬೀಳೋತನ ನಿಲ್ಲಂಗಿಲ್ಲ.”

ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ಈ ಜಿಲ್ಲೆಯ ಶಕ್ತಿನಗರದಲ್ಲಿ 1720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರವಿದೆ. ಆದರೂ ಊರಿನಿಂದ ದೂರ, ಹತ್ತಿ ತೊಗರಿಯ ನಡುವೆ ಇರುವ ಎಷ್ಟೋ ಹೊಲದ ಮನೆಗಳಲ್ಲಿ ರಾತ್ರಿಯ ಬೆಳಕಿಗೆ ಆಧಾರ ಒಂದೆರಡು ಸೋಲಾರ್ ಪ್ಲೇಟು, ಒಂದು ಬ್ಯಾಟರಿ, ನಡುವೆ ಕೆಲವು ನೂರು ರೂಪಾಯಿಯ ಈ ಡಬ್ಬಿ. ಎರಡು ಎಲ್‌ಇಡಿ ಬಲ್ಬು, ಮೊಬೈಲು, ಹತ್ತಿಗೆ ಔಷಧ ಹೊಡೆಯುವ ಪಂಪಿನ ಚಾರ್ಜು, ಅನುಕೂಲವಿದ್ದವರಿಗೆ ಒಂದು ಡಿಸಿ ಫ್ಯಾನು. ಡಬ್ಬಿಗಳು ಬರುವುದು ಹೈದರಾಬಾದಿನ ಕೋಠಿಯಿಂದ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ, ಈಚೆಗೆ ಮೊಬೈಲಿನಲ್ಲಿ ಆರ್ಡರ್ ಮಾಡಿದವರ ಮನೆಗೇ. ಅಗ್ಗದ್ದನ್ನು ಕೊಂಡದ್ದೇ ತಪ್ಪು ಎಂದು ಹೇಳಿ ಮುಗಿಸುವುದು ಸುಲಭ. ನನಗೆ ಅದು ಸರಿಯೆನಿಸುವುದಿಲ್ಲ. ಕೈಗೆ ಎಟುಕಿದ್ದನ್ನು ಕೊಂಡವರಿಗೆ ಅದನ್ನು ಬಾಳಿಸುವ ಬಗೆಯನ್ನು ಯಾರಾದರೂ ಹೇಳಬೇಕು. ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಅದು ಇರುವುದಿಲ್ಲ, ಇದ್ದರೂ ಕನ್ನಡದಲ್ಲಿರುವುದಿಲ್ಲ.

ಉಸ್ತಾದ್ ಒಂದು ಡಬ್ಬಿಯ ಹಿಂಬದಿಯ ನಾಲ್ಕು ಸ್ಕ್ರೂ ಬಿಚ್ಚಿ ನನ್ನ ಕೈಗಿಟ್ಟರು. ಒಳಗೆ ಒಂದು ಹಸಿರು ಬೋರ್ಡು. ತಂತಿ ಸಿಕ್ಕಿಸುವ ಟರ್ಮಿನಲ್ಲಿನ ಬುಡದಲ್ಲಿ ಬೋರ್ಡು ಕಂದು ತಿರುಗಿದೆ, ಟರ್ಮಿನಲ್ಲಿನ ಪ್ಲಾಸ್ಟಿಕ್ ಒಂದು ಕಡೆ ಸೊರಗಿ ಬಾಗಿದೆ. ಪಕ್ಕದಲ್ಲಿ ನೆತ್ತಿ ಉಬ್ಬಿದ ಸಣ್ಣ ಕೆಪಾಸಿಟರ್. ಅಂಚಿನಲ್ಲಿ ಕರೆಂಟಿಗೆ ಸ್ವಿಚ್ಚಾಗಿ ಕೆಲಸ ಮಾಡುವ, ಸಾಲಾಗಿ ನಿಂತ ಕಪ್ಪು ಮಾಸ್ಫೆಟ್‌ಗಳು, ಒಂದರ ಮೈ ಸೀಳಿದೆ. ಅವುಗಳ ಬೆನ್ನಿಗೆ ಅಲ್ಯೂಮಿನಿಯಂ ತುಂಡೊಂದು ಅಂಟಿಕೊಂಡಿರಬೇಕಿತ್ತು. ಇಲ್ಲಿ ಅದೇ ಇಲ್ಲ. ಮೂಲೆಯಲ್ಲಿ ಒಣಗಿದ ಹಲ್ಲಿಮರಿ. ರಾತ್ರಿ ಬೆಚ್ಚಗಿರುತ್ತದೆಂದು ಒಳಗೆ ಸೇರಿಕೊಂಡದ್ದು.

ಈ ಡಬ್ಬಿಯ ಕೆಲಸ ಪ್ಲೇಟಿನಿಂದ ಬಂದ ಕರೆಂಟನ್ನು ಬ್ಯಾಟರಿಗೆ ಬಿಡುವುದು, ಬ್ಯಾಟರಿ ತುಂಬಿದಾಗ ತಡೆಯುವುದು, ರಾತ್ರಿ ಬ್ಯಾಟರಿಯ ಕರೆಂಟು ಪ್ಲೇಟಿಗೆ ಹಿಂದೆ ಹರಿಯದಂತೆ ನೋಡಿಕೊಳ್ಳುವುದು. ಅಗ್ಗದವೆಲ್ಲ ಹೆಚ್ಚುಕಡಿಮೆ ಪಿಡಬ್ಲ್ಯೂಎಂ ಬಗೆಯವು, ಸೆಕೆಂಡಿಗೆ ನೂರಾರು ಸಲ ಸ್ವಿಚ್ ಹಾಕಿ ತೆಗೆಯುತ್ತವೆ. ಪ್ಲೇಟಿನಲ್ಲಿ ಹೆಚ್ಚಿಗಿರುವ ವೋಲ್ಟನ್ನೆಲ್ಲ ಡಬ್ಬಿಯೇ ಸುಟ್ಟು ಶಾಖ ಮಾಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಆ ವೋಲ್ಟು ಡಬ್ಬಿಯ ತನಕ ಬರುವುದೇ ಇಲ್ಲ; ಬ್ಯಾಟರಿ ಪ್ಲೇಟನ್ನು ತನ್ನ ಮಟ್ಟಕ್ಕೆ ಎಳೆದುಕೊಳ್ಳುತ್ತದೆ. ಡಬ್ಬಿಯ ಶಾಖ ಹುಟ್ಟುವುದು ಕರೆಂಟು ಹಾದುಹೋಗುವ ದಾರಿಯ ತಡೆಯಿಂದ: ಮಾಸ್ಫೆಟ್ಟು, ಡಯೋಡು, ಟರ್ಮಿನಲ್ಲು.

ಲೆಕ್ಕ ಹಾಕಿ ನೋಡೋಣ. ಮಾಸ್ಫೆಟ್ಟಿನ ತಡೆ 10 ಮಿಲಿಓಮ್ ಅಂತಿಟ್ಟುಕೊಳ್ಳಿ. 5 ಆಂಪಿಯರ್ ಹರಿದರೆ ಅದರಲ್ಲಿ ಕಾಲು ವಾಟ್ ಶಾಖ. 10 ಆದರೆ 1 ವಾಟ್, 20 ಆದರೆ 4 ವಾಟ್. ಕರೆಂಟು ದುಪ್ಪಟ್ಟಾದರೆ ಶಾಖ ನಾಲ್ಕು ಪಟ್ಟು. ಅಲ್ಯೂಮಿನಿಯಂ ಆಸರೆಯಿಲ್ಲದೆ ಬರಿದೇ ನಿಂತ ಈ ಗಾತ್ರದ ಮಾಸ್ಫೆಟ್ಟು ಒಂದು ವಾಟಿಗೆ ಸುತ್ತಲಿನ ಗಾಳಿಗಿಂತ ಸುಮಾರು 60 ಡಿಗ್ರಿ ಮೇಲೇರುತ್ತದೆ. ಡಬ್ಬಿಯೊಳಗಿನ ಗಾಳಿಯೇ 60 ಡಿಗ್ರಿ ಇದ್ದರೆ ಅದು 120ಕ್ಕೆ ಮುಟ್ಟಿತು. ಬಿಸಿಯಾದಷ್ಟೂ ಅದರ ತಡೆ ಹೆಚ್ಚುತ್ತದೆ, 125 ಡಿಗ್ರಿಯ ಹೊತ್ತಿಗೆ ಒಂದೂವರೆ ಪಟ್ಟು ದಾಟುತ್ತದೆ. ತಡೆ ಹೆಚ್ಚಿದರೆ ಶಾಖ ಹೆಚ್ಚು, ಶಾಖ ಹೆಚ್ಚಿದರೆ ಮತ್ತೆ ತಡೆ ಹೆಚ್ಚು. ಮಾಸ್ಫೆಟ್‌ಗಳ ತಡೆದುಕೊಳ್ಳುವ ಮಿತಿ ಸಾಮಾನ್ಯವಾಗಿ 150 ಅಥವಾ 175 ಡಿಗ್ರಿ. ಕೆಪಾಸಿಟರಿನ ಆಯಸ್ಸಾದರೋ ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧದಷ್ಟಾಗುತ್ತಾ ಹೋಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸಿನವರ ರೂಢಿಯ ಲೆಕ್ಕ. ಈ ಲೆಕ್ಕದ ಜೊತೆ ಇನ್ನೊಂದನ್ನೂ ನೆನಪಿಡಬೇಕು: ಪ್ಲೇಟಿನಿಂದ ಅತಿ ಹೆಚ್ಚು ಕರೆಂಟು ಬರುವ ಗಳಿಗೆಯೂ ಊರಿನ ಉರಿಬಿಸಿಲಿನ ಗಳಿಗೆಯೂ ಒಂದೇ.

ಮಧ್ಯಾಹ್ನಕ್ಕೆ ಮುಂಚೆ ಲಿಂಗಸುಗೂರು ರಸ್ತೆಯ ಕಡೆಯ ಒಂದು ಹೊಲಕ್ಕೆ ಉಸ್ತಾದರಿಗೆ ಕರೆ ಬಂದಿತ್ತು. ನಾನೂ ಅವರ ಬೈಕಿನ ಹಿಂದೆ ಕುಳಿತೆ. ಹೊಲದಲ್ಲಿ ಹತ್ತಿ ಕಟಿಗೆ ಕಿತ್ತು ರಾಶಿ ಹಾಕಿದ್ದರು, ಕಪ್ಪುಮಣ್ಣು ಬಾಯಿಬಿಟ್ಟಿತ್ತು. ಬದುವಿನ ಬೇವಿನ ಮರದ ಆಚೆ ಪತ್ರಾಸಿನ, ಅಂದರೆ ತಗಡಿನ ಮಾಡಿನ ಶೆಡ್ಡು. ಶೆಡ್ಡಿನ ಮೇಲೆ ನೂರು ವಾಟಿನ ಎರಡು ಪ್ಲೇಟು. ಒಳಗೆ ಕಾಲಿಟ್ಟರೆ ತಲೆಗೆ ಝಳ ಹೊಡೆಯುತ್ತಿತ್ತು. ಮಳೆಗೆ ನೆನೆಯಬಾರದೆಂದು ರೈತರು ಕಂಟ್ರೋಲರನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಕೂಡಿಹಾಕಿ, ಆ ಪೆಟ್ಟಿಗೆಯನ್ನು ಪಡುವಣ ಗೋಡೆಯ ಮೇಲ್ತುದಿಗೆ, ಪತ್ರಾಸಿಗೆ ತಾಗುವಂತೆ ಹೊಡೆದಿದ್ದರು. ಮಕ್ಕಳ ಕೈಗೆ ಸಿಗಬಾರದೆಂಬುದೂ ಒಂದು ಕಾರಣ. ಅದರ ನೇರ ಕೆಳಗೆ, ನೆಲದಲ್ಲಿ ಬ್ಯಾಟರಿ. ಪ್ರತಿಯೊಂದೂ ಜತನದಿಂದಲೇ ಮಾಡಿದ್ದು, ಪ್ರತಿಯೊಂದೂ ಡಬ್ಬಿಗೆ ಮುಳುವಾದದ್ದು.

“ಇದು ಮೂರನೇದ್ದು ಉಸ್ತಾದ್. ಬ್ಯಾಟ್ರಿನೂ ಹೋದ ವರ್ಷನ ಹಾಕ್ಸೀನಿ. ರಾತ್ರಿ ಒಂಬತ್ತಕ್ಕ ಲೈಟ್ ಡಿಮ್ ಆಗ್ತದ,” ಎಂದರು ರೈತರು.

ಉಸ್ತಾದ್ ಪೆಟ್ಟಿಗೆಯ ಬಾಗಿಲು ತೆರೆದು ಕಂಟ್ರೋಲರಿನ ಬೆನ್ನಿನ ಅಲ್ಯೂಮಿನಿಯಂ ತಟ್ಟೆಗೆ ಕಪ್ಪು ಇನ್ಸುಲೇಶನ್ ಟೇಪಿನ ಸಣ್ಣ ಚೂರು ಅಂಟಿಸಿದರು. ಗುಂಡಿ ಒತ್ತಿ ದೂರದಿಂದಲೇ ಬಿಸಿ ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರು ಹೊಳೆಯುವ ಲೋಹದ ಮೇಲೆ ಸುಳ್ಳು ಹೇಳುತ್ತದೆ, ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಟೇಪಿನ ಮೇಲೆ ಗುರಿಯಿಟ್ಟರೆ ನಿಜ ತಿಳಿಯುತ್ತದೆ. ಟೇಪಿನ ಮೇಲೆ 73 ಡಿಗ್ರಿ ಬಂತು. ಬರಿಯ ಲೋಹದ ಮೇಲೆ 50ರ ಆಸುಪಾಸು ತೋರಿಸಿತು. ಮೀಟರಿಲ್ಲದವರಿಗೆ ಅಂಗೈಯೇ ಮೀಟರು. ಡಬ್ಬಿಯ ಮೇಲೆ ಕೈಯಿಟ್ಟು ಹಾಗೇ ಇರಿಸಿಕೊಳ್ಳಲಾದರೆ ಚಿಂತೆಯಿಲ್ಲ, ಎರಡು ಮೂರು ಸೆಕೆಂಡಿಗೆ ಕೈ ತೆಗೆಯಬೇಕಾದರೆ ಅದು 60 ದಾಟಿದೆ.

ಆಮೇಲೆ ಟರ್ಮಿನಲ್ಲು. ಪ್ಲೇಟಿನ ಪಾಸಿಟಿವ್ ತಂತಿಯ ಸ್ಕ್ರೂ ಅರ್ಧ ಸುತ್ತು ಸಡಿಲಾಗಿತ್ತು. ಹಗಲು ಕಾದು ರಾತ್ರಿ ಆರುವ ಲೋಹ ಹಿಗ್ಗಿ ಕುಗ್ಗಿ ತಾನಾಗಿ ಸಡಿಲವಾಗುತ್ತದೆ. ಸಡಿಲ ಜೋಡಣೆಯ ತಡೆ 20 ಮಿಲಿಓಮ್ ಆದರೂ 10 ಆಂಪಿಯರಿಗೆ 2 ವಾಟ್ ಶಾಖ ಅಲ್ಲೇ ಹುಟ್ಟುತ್ತದೆ, ಮಾಸ್ಫೆಟ್ಟಿಗಿಂತ ಹೆಚ್ಚು. ಅಂಗಡಿಯಲ್ಲಿ ನೋಡಿದ ಆ ಕಂದು ಕಲೆಗೆ ಇದೇ ಕಾರಣ. ತಂತಿಯ ತುದಿಗೆ ಸೀಸ ಹಾಕಿ ಗಟ್ಟಿ ಮಾಡಿದ್ದರು. ಅದು ಇನ್ನೂ ಕೆಟ್ಟದ್ದು: ಸೀಸ ಮೆತ್ತನೆಯ ಲೋಹ, ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಹರಡಿ ಹಿಡಿತ ಬಿಟ್ಟುಕೊಡುತ್ತದೆ. ಉಸ್ತಾದ್ ತುದಿ ಕತ್ತರಿಸಿ, ಹೊಸದಾಗಿ ತಂತಿ ಸುಲಿದು, ಪ್ಲಾಸ್ಟಿಕ್ ಕೊರಳಿನ ಸಣ್ಣ ತಾಮ್ರದ ಕೊಳವೆ ತೊಡಿಸಿ ಅಮುಕಿ ಕೂರಿಸಿದರು. “ತಿಂಗಳಿಗೊಮ್ಮೆ ಪ್ಲೇಟಿನ ವೈರು ತಗದು ಎಲ್ಲಾ ಸ್ಕ್ರೂ ಬಿಗಿ ಮಾಡ್ರಿ. ಇಷ್ಟು ಮಾಡಿದ್ರ ನನ್ನ ಅಂಗಡಿಗೆ ಬರೋದು ಬ್ಯಾಡ,” ಎಂದರು.

ಬಿಚ್ಚುವುದಕ್ಕೂ ಕ್ರಮವಿದೆ. ಮೊದಲು ಪ್ಲೇಟಿನ ತಂತಿ ತೆಗೆಯಬೇಕು, ಆಮೇಲೆ ಬ್ಯಾಟರಿಯದು. ಕೂಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಲೇಟು. ಬ್ಯಾಟರಿಯಿಲ್ಲದೆ ಪ್ಲೇಟಿನ ಪೂರ್ತಿ ವೋಲ್ಟು ಡಬ್ಬಿಯೊಳಗೆ ನುಗ್ಗಿದರೆ ಅಗ್ಗದ ಕಂಟ್ರೋಲರು ಗಲಿಬಿಲಿಗೊಳ್ಳುತ್ತದೆ, ಕೆಲವು ಅಲ್ಲೇ ಸಾಯುತ್ತವೆ.

ರಾತ್ರಿ ಒಂಬತ್ತಕ್ಕೆ ಬೆಳಕು ಮಂಕಾಗುವ ಕಾರಣ ಕುತೂಹಲದ್ದು. ಸೀಸ ಮತ್ತು ಆಸಿಡ್ಡಿನ 12 ವೋಲ್ಟ್ ಬ್ಯಾಟರಿಯನ್ನು 25 ಡಿಗ್ರಿಯಲ್ಲಿ ಸುಮಾರು 14.4 ವೋಲ್ಟ್ ತನಕ ಚಾರ್ಜು ಮಾಡಬೇಕು. ಬ್ಯಾಟರಿ ಬಿಸಿಯಾದಂತೆ ಈ ಮಟ್ಟವನ್ನು ಡಿಗ್ರಿಗೆ 24 ಮಿಲಿವೋಲ್ಟಿನಂತೆ ಇಳಿಸಬೇಕು. ಇಲ್ಲದಿದ್ದರೆ ಬ್ಯಾಟರಿಯ ನೀರು ಬೇಗ ಕಡಿಮೆಯಾಗುತ್ತದೆ. ಕೆಲವು ಕಂಟ್ರೋಲರ್‌ಗಳಲ್ಲಿ ಇದಕ್ಕೊಂದು ಸೆನ್ಸರ್ ಇರುತ್ತದೆ, ಆದರೆ ಅದು ಬ್ಯಾಟರಿಯ ಮೈಮೇಲಿಲ್ಲ, ಡಬ್ಬಿಯ ಹೊಟ್ಟೆಯೊಳಗಿದೆ. ಈ ಶೆಡ್ಡಿನ ನೆಲದಲ್ಲಿದ್ದ ಬ್ಯಾಟರಿ 38 ಡಿಗ್ರಿ, ಅದಕ್ಕೆ 14.1 ವೋಲ್ಟು ಬೇಕಿತ್ತು. ಡಬ್ಬಿಯ ಒಳಗಿನ ಸೆನ್ಸರಿಗೆ ಕಾಣುವುದು 65 ಡಿಗ್ರಿ. ಅದು 40 ಡಿಗ್ರಿಯ ವ್ಯತ್ಯಾಸ ಎಣಿಸಿ ಹೆಚ್ಚುಕಡಿಮೆ ಒಂದು ವೋಲ್ಟು ಕಡಿತ ಮಾಡಿ, 13.4ಕ್ಕೇ ಬ್ಯಾಟರಿ ತುಂಬಿತು ಎಂದು ತೀರ್ಮಾನಿಸುತ್ತದೆ. ಹಸಿರು ದೀಪ ಉರಿಯುತ್ತದೆ, ಬ್ಯಾಟರಿ ಅರೆಹೊಟ್ಟೆಯಲ್ಲಿರುತ್ತದೆ. ದಿನವೂ ಅರೆಹೊಟ್ಟೆಯಲ್ಲಿರುವ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟು ಗಟ್ಟಿಯಾಗಿ, ಅದು ಎರಡು ವರ್ಷದೊಳಗೆ ಕೈಕೊಡುತ್ತದೆ. ರೈತರು ಬ್ಯಾಟರಿ ಕಂಪನಿಯನ್ನು ಬೈಯುತ್ತಾರೆ. ಕೆಲವು ನೂರರ ಡಬ್ಬಿ ಬಿಸಿಲಲ್ಲಿ ಬೆಂದದ್ದಕ್ಕೆ ಸಾವಿರಗಟ್ಟಲೆಯ ಬ್ಯಾಟರಿ ಹೋಯಿತು ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ. ಡಬ್ಬಿಯನ್ನು ತಂಪಾಗಿಡಬೇಕೆಂದು ನಾನು ಇಷ್ಟು ಒತ್ತಿ ಬರೆಯುತ್ತಿರುವುದೇ ಇದಕ್ಕಾಗಿ.

ಜಾಗ ಬದಲಿಸುವ ಕೆಲಸ ಶುರುವಾಯಿತು. ಪಡುವಣ ಗೋಡೆ ಬೇಡ, ಇಳಿಹೊತ್ತಿನ ಬಿಸಿಲೆಲ್ಲ ಅದರ ಮೇಲೆ. ಬಡಗಣ ಗೋಡೆ ಸದಾ ನೆರಳೆಂಬ ನಂಬಿಕೆಯೂ ಇಲ್ಲಿ ಪೂರ್ತಿ ನಡೆಯದು: ರಾಯಚೂರು ಇರುವುದು 16 ಡಿಗ್ರಿ ಅಕ್ಷಾಂಶದಲ್ಲಿ, ಮೇ ಎರಡನೇ ವಾರದಿಂದ ಜುಲೈ ಕಡೆಯವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಮೂಡಣ ಗೋಡೆಯ ಒಳಮೈ ಆರಿಸಿದರು. ಅದು ಬೆಳಿಗ್ಗೆ ಕಾದು, ನಡುಹಗಲು ದಾಟುವ ಹೊತ್ತಿಗೆ ನೆರಳಿಗೆ ಬರುತ್ತದೆ. ಎತ್ತರ ಎದೆಮಟ್ಟ. ಪತ್ರಾಸಿನಡಿಯ ಗಾಳಿಗೂ ಎದೆಮಟ್ಟದ ಗಾಳಿಗೂ ಅವರ ಮೀಟರಿನಲ್ಲಿ ಹತ್ತು ಡಿಗ್ರಿಗೂ ಮೇಲ್ಪಟ್ಟ ಅಂತರ ಸಿಕ್ಕಿತು. ಗೋಡೆಗೆ ಅಂಗಳದಲ್ಲಿ ಬಿದ್ದಿದ್ದ ಫರ್ಸಿಕಲ್ಲಿನ ತುಂಡೊಂದನ್ನು ಆನಿಸಿ ನಿಲ್ಲಿಸಿ, ಅದರ ಮೇಲೆ ಒಂದಿಂಚಿನ ಅಲ್ಯೂಮಿನಿಯಂ ಕೊಳವೆಯ ತುಂಡುಗಳನ್ನಿಟ್ಟು ಡಬ್ಬಿ ಕೂರಿಸಿದರು. ಮರದ ಹಲಗೆಯಾದರೆ ಕಿಡಿ ಬಿದ್ದಾಗ ಹೊತ್ತಿಕೊಳ್ಳುತ್ತದೆ, ಕಲ್ಲಿಗೆ ಆ ಭಯವಿಲ್ಲ. ಬೆನ್ನ ಹಿಂದಿನ ಒಂದಿಂಚು ಸಂದಿಯಲ್ಲಿ ಕಾದ ಗಾಳಿ ಮೇಲೇರಿ ಹೋಗುತ್ತದೆ, ಕೆಳಗಿನಿಂದ ತಂಪು ಗಾಳಿ ಬರುತ್ತದೆ. ಅಲ್ಯೂಮಿನಿಯಂ ರೆಕ್ಕೆಗಳಿದ್ದರೆ ಅವು ಮೇಲಿಂದ ಕೆಳಕ್ಕೆ ನಿಲ್ಲುವಂತೆ ಇರಬೇಕು, ಅಡ್ಡವಾದರೆ ಗಾಳಿಗೆ ದಾರಿ ಕಟ್ಟಿದಂತೆ. ಮೇಲೂ ಕೆಳಗೂ ಒಂದು ಗೇಣು ಖಾಲಿ ಜಾಗ. ಬ್ಯಾಟರಿಯನ್ನು ಪಕ್ಕಕ್ಕೆ ಸರಿಸಿದರು. ಅದು ಚಾರ್ಜಾಗುವಾಗ ಬಿಡುವ ಹೈಡ್ರೋಜನ್ನಿಗೂ ಆಸಿಡ್ ಹನಿಗೂ ಡಬ್ಬಿ ಸಿಗಬಾರದು. ಹಲ್ಲಿ ಇರುವೆಗಳಿಗೆ ಸೊಳ್ಳೆಪರದೆಯ ಬಲೆ ಸಾಕು. ಪೆಟ್ಟಿಗೆ ಬೇಕೇಬೇಕೆಂದರೆ ತಳದಲ್ಲೂ ನೆತ್ತಿಯಲ್ಲೂ ಉದ್ದುದ್ದ ಸೀಳು ಕೊರೆದು ಬಲೆ ಹೊಡೆಯಬೇಕು.

ಶೆಡ್ಡಿನ ಝಳ ಇಳಿಸಲು ಪತ್ರಾಸಿಗೆ ಸುಣ್ಣ ಬಳಿಯುವುದಕ್ಕೆ ರೈತರ ತಾಯಿ ಒಪ್ಪಿಕೊಂಡರು. “ನಮ್ಮ ಮಣ್ಣಿನ ಮಾಳಿಗಿ ಇದ್ದಾಗ ಇದ್ಯಾವುದೂ ಬೇಕಾಗಿರಲಿಲ್ಲ ಯಪ್ಪಾ,” ಎಂದರು ಆ ಅವ್ವ. ಅದು ನಿಜ. ಬರುವ ದಾರಿಯಲ್ಲಿ ದಪ್ಪ ಗೋಡೆಯ ಒಂದು ಮಾಳಿಗೆ ಮನೆಯೊಳಗೆ ಇಂಥದ್ದೇ ಡಬ್ಬಿ ಐದಾರು ವರ್ಷದಿಂದ ನಡೆಯುತ್ತಿರುವುದನ್ನು ಉಸ್ತಾದ್ ತೋರಿಸಿದ್ದರು.

ತಂತಿಯ ಮಾತು ಬಂದಾಗ ಸ್ವಲ್ಪ ವಾದವಾಯಿತು. ಎರಡೂವರೆ ಸ್ಕ್ವೇರ್ ಎಂಎಂ ತಂತಿ ಈಗಾಗಲೇ ಎಳೆದಿದೆ, ಅದನ್ನೇಕೆ ಕಿತ್ತುಹಾಕಬೇಕು ಎಂಬುದು ರೈತರ ಪ್ರಶ್ನೆ. ಉತ್ತರ ಲೆಕ್ಕದಲ್ಲಿದೆ. ಪ್ಲೇಟಿನ ಮೇಲೆ ಬರೆದ 18 ವೋಲ್ಟು ಪ್ಲೇಟು 25 ಡಿಗ್ರಿಯಲ್ಲಿದ್ದಾಗಿನ ಮಾತು. ರಾಯಚೂರಿನ ನಡುಹಗಲಲ್ಲಿ ಪ್ಲೇಟು 65 ಡಿಗ್ರಿ ಮುಟ್ಟುತ್ತದೆ, ಆಗ ಅದರ ಕೆಲಸದ ವೋಲ್ಟು 15ರ ಹತ್ತಿರಕ್ಕೆ ಇಳಿಯುತ್ತದೆ. ಪ್ಲೇಟಿನಿಂದ ಡಬ್ಬಿಗೆ 12 ಮೀಟರು, ಹೋಗಿ ಬರಲು 24. ಎರಡೂವರೆಯ ತಂತಿಯಲ್ಲಿ 11 ಆಂಪಿಯರಿಗೆ ಹೆಚ್ಚುಕಡಿಮೆ 2 ವೋಲ್ಟು ದಾರಿಯಲ್ಲೇ ಸೋರಿಹೋಗುತ್ತದೆ. ಉಳಿಯುವುದು 13. ಆ 13ರಿಂದ ಬ್ಯಾಟರಿಯನ್ನು 14ಕ್ಕೆ ಏರಿಸುವುದು ಆಗದ ಮಾತು. ಕರೆಂಟು ಇಳಿಯುತ್ತಾ ಹೋಗುತ್ತದೆ. 6 ಸ್ಕ್ವೇರ್ ಎಂಎಂ ತಂತಿಯಾದರೆ ಸೋರಿಕೆ 0.8 ವೋಲ್ಟು. ಬಿಸಿಲು ಹೆಚ್ಚಿದ್ದಷ್ಟೂ ಚಾರ್ಜು ಹೆಚ್ಚು ಎಂಬ ನಂಬಿಕೆ ಇಲ್ಲಿ ಪೂರ್ತಿ ನಡೆಯದು. ತಂತಿ ಬದಲಿಸಲು ರೈತರು ಕೊನೆಗೆ ಒಪ್ಪಿದರು, ಹತ್ತಿ ದುಡ್ಡು ಬಂದ ಮೇಲೆ.

ಡಬ್ಬಿಯ ಮೇಲೆ ಬರೆದ ಆಂಪಿಯರನ್ನೂ ಇದೇ ಕಣ್ಣಿನಿಂದ ನೋಡಬೇಕು. ನಮ್ಮ ಬಿಸಿಲಿಗೆ ಅದರ ಅರ್ಧವನ್ನು ಮಾತ್ರ ನಂಬುವುದು ಕ್ಷೇಮ. ಎರಡು ಪ್ಲೇಟಿನ 11 ಆಂಪಿಯರಿಗೆ 30 ಆಂಪಿಯರಿನ ಡಬ್ಬಿ ಕೊಂಡರೆ ಹಣ ಪೋಲಾಗುವುದಿಲ್ಲ. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು: 6 ಸ್ಕ್ವೇರ್ ಎಂಎಂ ತಂತಿಯ ತುಂಡು ಜೇಬಿನಲ್ಲಿಟ್ಟುಕೊಂಡು ಹೋಗಿ ಟರ್ಮಿನಲ್ಲಿಗೆ ತೂರಿಸಿ ನೋಡಿ. ಅದು ತೂರದ ಡಬ್ಬಿಯ ಮೇಲೆ 30 ಎಂದು ಬರೆದಿದ್ದರೆ ಆ ಬರಹಕ್ಕೆ ಬೆಲೆಯಿಲ್ಲ.

‘ಎಂಪಿಪಿಟಿ’ ಎಂದು ಮೈಮೇಲೆ ಬರೆದುಕೊಂಡ ಅಗ್ಗದ ಡಬ್ಬಿಗಳದ್ದು ಬೇರೆಯೇ ಮೋಸ. ನಿಜವಾದ ಎಂಪಿಪಿಟಿ ಹೆಚ್ಚಿನ ವೋಲ್ಟನ್ನು ಹೆಚ್ಚಿನ ಕರೆಂಟಾಗಿ ಮಾರ್ಪಡಿಸುತ್ತದೆ. ಅದಕ್ಕೆ ಒಳಗೆ ತಾಮ್ರದ ದಪ್ಪ ಕಾಯಿಲ್ ಬೇಕು, ಹೊರಗೆ ಅಲ್ಯೂಮಿನಿಯಂ ರೆಕ್ಕೆ ಬೇಕು. 260 ವಾಟನ್ನು ನೂರಕ್ಕೆ 95ರಂತೆ ದಾಟಿಸಿದರೂ 13 ವಾಟು ಶಾಖ ಹೊರಹೋಗಲೇಬೇಕಲ್ಲ. ಕಾಯಿಲಿಲ್ಲದ, ರೆಕ್ಕೆಯಿಲ್ಲದ, ಕೈಯಲ್ಲಿ ಹಗುರಾದ ಡಬ್ಬಿ ಎಂಪಿಪಿಟಿ ಆಗಿರಲಾರದು. ಸೇರಿಸಿ ಹೇಳಬೇಕಾದ್ದು: 36 ಸೆಲ್ಲಿನ ಸಣ್ಣ ಪ್ಲೇಟಿಗೆ, ಈ ಬಿಸಿಲಿಗೆ, ಪಿಡಬ್ಲ್ಯೂಎಂ ಡಬ್ಬಿಯೇ ಸಾಕು, ವೋಲ್ಟು ಬ್ಯಾಟರಿಯ ಮಟ್ಟಕ್ಕೇ ಇಳಿದಿರುವಾಗ ಎಂಪಿಪಿಟಿಗೆ ಗಳಿಸಲು ಉಳಿಯುವುದು ಅಲ್ಪ. ಆದರೆ 72 ಸೆಲ್ಲಿನ 330 ವಾಟಿನ ದೊಡ್ಡ ಪ್ಲೇಟು ಅಗ್ಗವಾಗಿ ಸಿಕ್ಕಿತೆಂದು ತಂದು ಪಿಡಬ್ಲ್ಯೂಎಂ ಡಬ್ಬಿಯ ಮೂಲಕ 12 ವೋಲ್ಟ್ ಬ್ಯಾಟರಿಗೆ ಕೊಟ್ಟರೆ ಸಿಗುವುದು 115 ವಾಟಿನ ಆಸುಪಾಸು ಮಾತ್ರ. ಏನನ್ನೂ ಜೋಡಿಸದಿದ್ದಾಗ ಅದರ ವೋಲ್ಟು 45ರ ಮೇಲೆ. 25 ಅಥವಾ 30 ವೋಲ್ಟಿನ ಮಿತಿಯ ಡಬ್ಬಿ ಮೊದಲ ದಿನವೇ ಸಾಯುತ್ತದೆ.

ಫ್ಯಾನು ಹಾಕಿದರೆ ಹೇಗೆ ಎಂದು ಕೇಳಿದೆ. ಉಸ್ತಾದರಿಗೆ ಅದರಲ್ಲಿ ಅಷ್ಟು ಉತ್ಸಾಹವಿಲ್ಲ. ಕಂಪ್ಯೂಟರಿನ 80 ಎಂಎಂ ಫ್ಯಾನು ಎರಡು ವಾಟಿನೊಳಗೆ ತಿರುಗುತ್ತದೆ, ಜೊತೆಗೆ 50 ಡಿಗ್ರಿಗೆ ಕೂಡಿಕೊಳ್ಳುವ ಪುಟ್ಟ ಥರ್ಮಲ್ ಸ್ವಿಚ್ ಹಾಕಿದರೆ ಬೇಕಾದಾಗ ಮಾತ್ರ ತಿರುಗುತ್ತದೆ. ಆದರೆ ಹತ್ತಿಯ ನಾರು, ಹೊಲದ ಧೂಳು ಎರಡೇ ತಿಂಗಳಿಗೆ ಅದನ್ನು ಕಟ್ಟಿಹಾಕುತ್ತವೆ. ನೆರಳು, ಜಾಗ, ಬಿಗಿ ಸ್ಕ್ರೂ ಆದ ಮೇಲೂ ಕಾಯುತ್ತಿದ್ದರೆ ಮಾತ್ರ ಫ್ಯಾನು. ಅದಕ್ಕಿಂತ ಡಬ್ಬಿಯ ಬೆನ್ನಿಗೆ ಮೂರು ಎಂಎಂ ಅಲ್ಯೂಮಿನಿಯಂ ತಟ್ಟೆ ಕೂರಿಸುವುದು ಮೇಲೆಂದು ಅವರ ಅಭಿಪ್ರಾಯ. ಅಲ್ಲಿ ಒಂದು ಎಚ್ಚರ ಬೇಕು. ಮಾಸ್ಫೆಟ್ಟಿನ ಬೆನ್ನಿನ ಲೋಹದಲ್ಲಿ ಕರೆಂಟಿರುತ್ತದೆ. ಪ್ರತಿಯೊಂದಕ್ಕೂ ತಟ್ಟೆಗೂ ನಡುವೆ ಮೈಕಾ ಅಥವಾ ಸಿಲಿಕಾನ್ ಹಾಳೆ ಇಡದೆ ಎಲ್ಲವನ್ನೂ ಒಂದೇ ತಟ್ಟೆಗೆ ಬಿಗಿದರೆ ನೇರ ಶಾರ್ಟು. ಕೈಪಳಗಿದವರೇ ಮಾಡಬೇಕಾದ ಕೆಲಸ.

ನಡುಹಗಲು ದಾಟಿ ಪ್ಲೇಟುಗಳು ಪೂರ್ತಿ ಬಿಸಿಲಲ್ಲಿರುವಾಗಲೇ ಉಸ್ತಾದ್ ಕಪ್ಪು ಟೇಪಿಗೆ ಮತ್ತೆ ಗುರಿಯಿಟ್ಟರು: 54 ಡಿಗ್ರಿ. ಡಬ್ಬಿ ಅದೇ, ಪ್ಲೇಟು ಅದೇ. ಸ್ಪ್ರೇ ಪಂಪನ್ನು ಡಬ್ಬಿಯ ಬಲ್ಬಿನ ಗುರುತಿರುವ ಟರ್ಮಿನಲ್ಲಿನಿಂದ ಬಿಡಿಸಿ ಫ್ಯೂಜಿನ ಮೂಲಕ ನೇರ ಬ್ಯಾಟರಿಗೆ ಹಾಕಿದರು. ಮೋಟರು, ಇನ್ವರ್ಟರು ಶುರುವಾಗುವಾಗ ಎಳೆಯುವ ಕರೆಂಟನ್ನು ಆ ಟರ್ಮಿನಲ್ಲು ತಾಳುವುದಿಲ್ಲ.

ಹೊರಡುವಾಗ ರೈತರು ಮೂರನೇ ಪ್ಲೇಟಿನ ವಿಚಾರ ತೆಗೆದರು. ಮಗ ಪರೀಕ್ಷೆಗೆ ಓದುತ್ತಿದ್ದಾನೆ, ಅವನಿಗೊಂದು ಫ್ಯಾನು ಬೇಕು. ಇದೇ ಡಬ್ಬಿಗೆ ಸೇರಿಸಲೇ?

“ಬ್ಯಾಡ ಅಣ್ಣಾ,” ಎಂದರು ಉಸ್ತಾದ್. “ಅದಕ್ಕ ಬ್ಯಾರೇ ಡಬ್ಬಿ ಹಾಕೂಣ. ಎರಡೂ ಒಂದೇ ಬ್ಯಾಟ್ರಿಗೆ ಚಾರ್ಜ್ ಕೊಡ್ತಾವ. ಶಾಖ ಹಂಚಿ ಹೋಗ್ತದ. ಒಂದು ಕೆಟ್ರೂ ಇನ್ನೊಂದು ಇರ್ತದ.” ಎರಡೂ ಡಬ್ಬಿಗೆ ಬ್ಯಾಟರಿಯಿಂದ ಬೇರೆ ಬೇರೆ ತಂತಿ, ಬ್ಯಾಟರಿಯ ಬುಡದಲ್ಲೇ ಬೇರೆ ಬೇರೆ ಫ್ಯೂಜು. ಈ ಅಗ್ಗದ ಡಬ್ಬಿಗಳಲ್ಲಿ ಬಹಳಷ್ಟು ನೆಗೆಟಿವ್ ಕಡೆಯನ್ನೇ ಕಡಿದು ಜೋಡಿಸುವಂಥವು, ಆದ್ದರಿಂದ ಹೊಸ ಪ್ಲೇಟಿನ ನೆಗೆಟಿವ್ ತಂತಿಯನ್ನು ಹಳೆಯದಕ್ಕೂ ಬ್ಯಾಟರಿಯ ನೆಗೆಟಿವ್‌ಗೂ ತಾಗಿಸಬಾರದು. ಅಷ್ಟನ್ನು ಅವರು ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ಚಿತ್ರ ಬರೆದು, ರೈತರ ಮಗನಿಂದ ಒಮ್ಮೆ ಹೇಳಿಸಿ, ಬೈಕು ಹತ್ತಿದರು.